ಥ್ಯಾಂಕ್ಸ್‌ಗಿವಿಂಗ್ ಊಟಕ್ಕೆ ಕಾಡು ಟರ್ಕಿ: ಸ್ಪ್ರಿಂಗಾ ಫಾಲಾ, 12 ಗೇಜಾ 20 ಗೇಜಾ, ಸೀಸಾನಾ ಟಂಗ್‌ಸ್ಟನ್ನಾ?

ಟರ್ಕಿ ಶಿಕಾರಿ ಮಾಡ್ಬೇಕು ಅಂತ ಆಸೆ ಹುಟ್ಟಿದ ತಕ್ಷಣ ಇಲ್ಲಿ ಅಮೆರಿಕದಲ್ಲಿ ನಮ್ಮ ಹುಡುಗ್ರು ಕೇಳೋ ಮೊದಲ ಪ್ರಶ್ನೆ "ಯಾವ ಗನ್ ತಗೊಳ್ಳೋದು" ಅಂತ. ನನ್ ಪ್ರಕಾರ ಅದು ಮೂರನೇ ಪ್ರಶ್ನೆ. ಮೊದಲನೇದು ತಟ್ಟೆಗೆ ಎಂಥ ಹಕ್ಕಿ ಬೇಕು, ಎರಡನೇದು ಎಷ್ಟು ದೂರದಿಂದ ಈಡು ಹೊಡೀತೀರ. ಇವೆರಡು ಗಟ್ಟಿಯಾದ್ರೆ ಗನ್ನು, ತೋಟಾ, ಚೋಕು (ಚರೆ ಎಷ್ಟು ಹರಡ್ಬೇಕು ಅಂತ ಹಿಡಿತದಲ್ಲಿಡೋ, ನಳಿಗೆ ತುದಿಯ ಕೊಳವೆ) ಎಲ್ಲಾ ತಾನಾಗೇ ತೀರ್ಮಾನ ಆಗುತ್ತೆ. ಉಲ್ಟಾ ಹೋದ್ರೆ ಅಂಗಡಿಯವ್ರು ಮೂರೂವರೆ ಇಂಚಿನ ತೋಟಾ ತಿನ್ನೋ 12 ಗೇಜು (ಗೇಜು ಅಂದ್ರೆ ನಳಿಗೆ ಅಗಲದ ಅಳತೆ, ನಂಬರ್ ಸಣ್ಣದಾದಷ್ಟು ನಳಿಗೆ ದೊಡ್ಡದು) ಕೈಗೆ ಕೊಟ್ಟು ಕಳಿಸ್ತಾರೆ, ನೀವು ರೇಂಜಲ್ಲಿ ನಾಲ್ಕು ಸಲ ಅದರ ಒದೆ ತಿಂದು, ಐದನೇ ಸಲಕ್ಕೆ ಕಣ್ಣು ಮುಚ್ಕೊಂಡು ಟ್ರಿಗರ್ ಎಳೀತೀರ, ಅಲ್ಲಿಗೆ ಮುಗೀತು.

ದುಡ್ಡು ಉಳಿಸೋಕೆ ಅಂತ ಹೊರಟಿದ್ರೆ ಇಲ್ಲೇ ನಿಂತ್ಕೊಳ್ಳಿ. ನವೆಂಬರಲ್ಲಿ ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ಅಂಗಡಿಗಳು ಫ್ರೋಜನ್ ಟರ್ಕಿನ ಹೆಚ್ಚುಕಮ್ಮಿ ಪುಕ್ಸಟ್ಟೆ ಕೊಡ್ತಾವೆ, ಅದಕ್ಕೂ ಇದಕ್ಕೂ ಲೆಕ್ಕದಲ್ಲಿ ಪೈಪೋಟಿನೇ ಇಲ್ಲ. ಇದು ರುಚಿಗೆ, ಕಾಡಿಗೆ, ಇನ್ನೊಂಚೂರು ಹಠಕ್ಕೆ ಮಾಡೋ ಕೆಲಸ. ನಾನಿರೋದು ವಿಸ್ಕಾನ್ಸಿನಲ್ಲಿ, ಹಾಗಾಗಿ ಉದಾಹರಣೆ ಜಾಸ್ತಿ ಇಲ್ಲಿಂದೇ ಬರುತ್ತೆ, ನಿಮ್ಮ ಸ್ಟೇಟಿನ ರೂಲ್ ಬುಕ್ಕು ನೀವೇ ಓದ್ಕೋಬೇಕು.

ವೀಸಾದಲ್ಲಿ ಇರೋರು ಇದನ್ನ ಮೊದ್ಲು ಓದಿ

ಹೆಚ್-1ಬಿ ಥರದ ವೀಸಾದಲ್ಲಿ ಇರೋರು ಗನ್ ಮುಟ್ಟೋದು ಫೆಡರಲ್ ಕಾನೂನಿನ ಪ್ರಕಾರ ಸಾಮಾನ್ಯವಾಗಿ ನಿಷಿದ್ಧ. ಮುಟ್ಟೋದು ಅಂದ್ರೆ ಕೊಳ್ಳೋದು ಮಾತ್ರ ಅಲ್ಲ, ಗೆಳೆಯನ ಗನ್ ಕೈಲಿ ಹಿಡ್ಕೊಂಡು ಕಾಡು ಸುತ್ತೋದೂ ಸೇರುತ್ತೆ, ತೋಟಾ ಇಟ್ಕೊಳ್ಳೋದೂ ಸೇರುತ್ತೆ. ಆದ್ರೆ ಅದೇ ಕಾನೂನಲ್ಲಿ ಒಂದು ವಿನಾಯಿತಿ ಇದೆ, ಅಮೆರಿಕದ ಯಾವುದಾದ್ರೂ ಸ್ಟೇಟು ಕೊಟ್ಟಿರೋ ಚಾಲ್ತಿಯಲ್ಲಿರೋ ಹಂಟಿಂಗ್ ಲೈಸೆನ್ಸು ನಿಮ್ಮ ಹೆಸರಲ್ಲಿದ್ರೆ ಇಟ್ಕೋಬಹುದು, ಕೊಳ್ಳಬಹುದು. ಲೈಸೆನ್ಸ್ ಅವಧಿ ಮುಗಿದ ದಿನ ವಿನಾಯಿತಿನೂ ಮುಗೀತು ಅನ್ನೋದು ತಲೇಲಿರ್ಲಿ. ಅಂದ್ರೆ ಕ್ರಮ ಹೀಗೆ: ಮೊದ್ಲು ಹಂಟರ್ ಎಜುಕೇಶನ್ ಕ್ಲಾಸು, ಆಮೇಲೆ ಲೈಸೆನ್ಸು, ಕೊನೇಗೆ ಗನ್ನು. ಗ್ರೀನ್ ಕಾರ್ಡಿನವ್ರಿಗೆ ಈ ನಿರ್ಬಂಧ ಇಲ್ಲ. ಆದ್ರೂ ಗ್ರೀನ್ ಕಾರ್ಡ್ ಲೈನಲ್ಲಿ ಹತ್ತು ವರ್ಷದಿಂದ ನಿಂತಿರೋರು ಒಂದ್ಸಲ ಇಮಿಗ್ರೇಶನ್ ಲಾಯರ್‌ಗೆ ಫೋನ್ ಮಾಡಿ ಕೇಳ್ಕೊಳ್ಳಿ ಮಾರಾಯ್ರೆ, ಒಂದು ಹಕ್ಕಿಗೋಸ್ಕರ ಅಷ್ಟು ವರ್ಷದ ಕಾಯೋದನ್ನ ಪಣಕ್ಕಿಡೋದು ಬೇಡ.

ಕ್ಲಾಸು ಬೇಕಾ ಬೇಡ್ವಾ ಅನ್ನೋದು ಹುಟ್ಟಿದ ತಾರೀಕಿನ ಮೇಲೆ. ವಿಸ್ಕಾನ್ಸಿನಲ್ಲಿ 1973ರ ಜನವರಿ 1 ಅಥವಾ ಆಮೇಲೆ ಹುಟ್ಟಿದವ್ರಿಗೆ ಕಡ್ಡಾಯ, ಮಿಸ್ಸೂರಿಯಲ್ಲಿ 1967ರ ಜನವರಿ 1ರಿಂದ. ಇಲ್ಲಿ ಮಾಮೂಲಿ ಟರ್ಕಿ ಲೈಸೆನ್ಸ್ ಜೊತೆಗೆ ಟರ್ಕಿ ಸ್ಟಾಂಪು ಅಂತ ಇನ್ನೊಂದು ತಗೋಬೇಕು, ಹೊಡೆದ ಹಕ್ಕಿನ ಮರುದಿನ ಸಂಜೆ 5 ಗಂಟೆಯೊಳಗೆ ಆನ್‌ಲೈನಲ್ಲೋ ಫೋನಲ್ಲೋ ರಿಜಿಸ್ಟರ್ ಮಾಡ್ಬೇಕು. ಕಿರಿಕಿರಿ ಅನ್ಸುತ್ತೆ, ಆದ್ರೆ ಈ ಸ್ಟೇಟಲ್ಲಿ ಟರ್ಕಿ ಒಂದು ಕಾಲದಲ್ಲಿ ಪೂರ್ತಿ ಅಳಿದೇ ಹೋಗಿತ್ತು, 1976ರಲ್ಲಿ ಮಿಸ್ಸೂರಿಯಿಂದ ಕಾಡು ಹಕ್ಕಿ ತಂದು ವರ್ನನ್ ಕೌಂಟಿಯಲ್ಲಿ ಬಿಟ್ರು, ಬದಲಿಗೆ ಇಲ್ಲಿಂದ ಗ್ರೌಸ್ ಹಕ್ಕಿ ಕೊಟ್ಟು ಕಳಿಸಿದ್ರು. ಈಗ ಮನೆ ಹಿಂದಿನ ರಸ್ತೇಲಿ ಟ್ರಾಫಿಕ್ ನಿಲ್ಸೋವಷ್ಟು ಆಗಿದಾವೆ ಅಂದ್ರೆ ಈ ಲೈಸೆನ್ಸು ಸ್ಟಾಂಪುಗಳ ದುಡ್ಡಿಂದ. ನೀವು ಕೊಳ್ಳೋ ಶಾಟ್‌ಗನ್ನು ತೋಟಾ ಮೇಲೂ 1937ರ ಪಿಟ್‌ಮನ್-ರಾಬರ್ಟ್‌ಸನ್ ಕಾಯ್ದೆ ಪ್ರಕಾರ 11% ತೆರಿಗೆ ಇದೆ, ಅದೂ ಕಾಡುಪ್ರಾಣಿಗಳಿಗೇ ಹೋಗೋದು.

ಕೊಡಗು ಮಲೆನಾಡು ಕಡೆಯವ್ರಿಗೆ ಕೋವಿ ಹೊಸದೇನಲ್ಲ, ಕೈಲ್‌ಪೊಳ್ದ್‌ಗೆ ಹೂವಿಟ್ಟು ಪೂಜೆ ಮಾಡಿರೋ ಕೋವಿ ನೋಡ್ಕೊಂಡೇ ಬೆಳೆದಿರ್ತೀರ. ಆದ್ರೆ ಊರಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಆದ್ಮೇಲೆ ಶಿಕಾರಿ ಅನ್ನೋದು ಅಜ್ಜಂದಿರ ಬಾಯಲ್ಲಿ ಉಳಿದಿರೋ ಕಥೆ. ಆ ಕಥೆಗಳಲ್ಲಿನ "ಸದ್ದು ಬಂದ ಕಡೆ ಹೊಡ್ದೆ" ಅನ್ನೋದನ್ನ ದಯವಿಟ್ಟು ಇಲ್ಲಿಗೆ ತರಬೇಡಿ, ಇಲ್ಲಿ ಟರ್ಕಿ ಥರ ಸದ್ದು ಮಾಡ್ತಾ ಕೂತಿರೋನು ಇನ್ನೊಬ್ಬ ಶಿಕಾರಿನೇ ಆಗಿರೋ ಸಾಧ್ಯತೆ ಜಾಸ್ತಿ.

ಸ್ಪ್ರಿಂಗ್ ಹಕ್ಕಿನಾ, ಫಾಲ್ ಹಕ್ಕಿನಾ

ಇದೇ ಅಸಲಿ ಆಯ್ಕೆ, ಇದನ್ನ ಯಾರೂ ಮಾತಾಡೋದೇ ಇಲ್ಲ.

ಟರ್ಕಿ ಶಿಕಾರಿ ಅಂತ ವಿಡಿಯೋಗಳಲ್ಲಿ ನೋಡೋದೆಲ್ಲ ಸ್ಪ್ರಿಂಗಿಂದು. ಏಪ್ರಿಲ್ ಮೇ ತಿಂಗಳಲ್ಲಿ ಹುಂಜ ಬಾಲ ಬಿಚ್ಚಿ ಗತ್ತಲ್ಲಿ ಕುಣೀತಾ, ಗಾಬಲ್ ಗಾಬಲ್ ಅಂತ ಕೂಗ್ತಾ ಹೇಂಟೆ ಹುಡುಕ್ಕೊಂಡು ಬರುತ್ತೆ, ನೀವು ಹೇಂಟೆ ಥರ ಕರೀತೀರ, ಅದು ನಿಮ್ಮನ್ನೇ ಹುಡುಕ್ಕೊಂಡು ಬರುತ್ತೆ. ಮಜಾ ವಿಷಯಕ್ಕೆ ಬಂದ್ರೆ ಇದನ್ನ ಮೀರಿಸೋದು ಯಾವುದೂ ಇಲ್ಲ. ಆದ್ರೆ ಊಟದ ದೃಷ್ಟಿಯಿಂದ ನೋಡಿ, ಸ್ಪ್ರಿಂಗಲ್ಲಿ ಹೊಡಿಯೋಕೆ ಅನುಮತಿ ಇರೋದು ಹುಂಜಕ್ಕೆ ಅಥವಾ ಎದೇಲಿ ಗಡ್ಡ ಇರೋ ಹಕ್ಕಿಗೆ ಮಾತ್ರ, ಎಲ್ಲರ ಕಣ್ಣೂ ಎರಡು ಮೂರು ವರ್ಷದ ದೊಡ್ಡ ಹುಂಜದ ಮೇಲೆ. 20 ಪೌಂಡ್ ತೂಗ್ತಾವೆ, ಫೋಟೋಗೆ ಚೆನ್ನಾಗಿರ್ತಾವೆ, ಕಾಲು ಮಾತ್ರ ಹಗ್ಗ. ಅದೂ ಅಲ್ದೆ ಬೆದೆ ಕಾಲದ ಹುಂಜದ ಎದೆ ಮೇಲೆ ಸ್ಪಂಜಿನಂಥ ಕೊಬ್ಬಿನ ಪದರ ಇರುತ್ತೆ, ವಾರಗಟ್ಲೆ ಸರಿಯಾಗಿ ಮೇಯ್ದೇ ಇದ್ರೂ ಓಡಾಡೋಕೆ ದೇಹ ಇಟ್ಕೊಂಡಿರೋ ದಾಸ್ತಾನು ಅದು, ತಿನ್ನೋಕೆ ಚೆನ್ನಾಗಿರಲ್ಲ, ಕಿತ್ತು ಬಿಸಾಕ್ಬೇಕು. ಆಮೇಲೆ ಮಾಂಸನ ನವೆಂಬರ್ ತನಕ ಫ್ರೀಜರಲ್ಲಿ ಇಡ್ಬೇಕು, ವ್ಯಾಕ್ಯೂಮ್ ಸೀಲ್ ಮಾಡಿದ್ರೆ ಆರೇಳು ತಿಂಗಳು ಏನೂ ಆಗಲ್ಲ, ಬರೀ ಜಿಪ್ ಕವರಲ್ಲಿ ಇಟ್ರೆ ಅಂಚೆಲ್ಲ ಬೆಳ್ಳಗೆ ಒಣಗಿ ಹೋಗುತ್ತೆ.

ಫಾಲ್ ಸೀಸನ್ ಬೇರೆನೇ ಲೋಕ. ಮೇ ಕೊನೆ ಜೂನಲ್ಲಿ ಒಡೆದ ಮೊಟ್ಟೆಯ ಮರಿಗಳು ಅಕ್ಟೋಬರ್ ಹೊತ್ತಿಗೆ ನಾಲ್ಕು ತಿಂಗಳ ಹಕ್ಕಿ ಆಗಿರ್ತಾವೆ, ಬೇಸಿಗೆಯೆಲ್ಲ ಮಿಡತೆ ತಿಂದು, ಈಗ ಓಕ್ ಕಾಯಿ, ಕೊಯ್ಲಾದ ಗದ್ದೆಯಲ್ಲಿ ಉದುರಿರೋ ಜೋಳ ಸೋಯಾ ತಿಂದು ಮೈ ತುಂಬ್ಕೊಂಡಿರ್ತಾವೆ. ಇಲ್ಲಿ ಫಾಲಲ್ಲಿ ಗಂಡು ಹೆಣ್ಣು ಯಾವುದನ್ನಾದ್ರೂ ಹೊಡೀಬಹುದು. ಕೂಗಲ್ಲ, ಕುಣಿಯಲ್ಲ, ಗುಂಪಲ್ಲಿ ಸುಮ್ನೆ ಮೇಯ್ತಾ ಇರ್ತಾವೆ, ಹುಡುಕೋದೇ ಕಷ್ಟ. ಆದ್ರೆ ಹಬ್ಬದ ತಟ್ಟೆಗೆ ಇಡಿಯಾಗಿ ರೋಸ್ಟ್ ಮಾಡೋಕೆ ಲಾಯಕ್ಕಾದ ಹಕ್ಕಿ ಅಂದ್ರೆ ಇದೊಂದೇ. ನನ್ನ ವೋಟು ಕಣ್ಮುಚ್ಕೊಂಡು ಫಾಲಿಗೆ. ಒಂದೇ ಒಂದು ಮಾತು, ಮರಿಗಳ ಜೊತೆ ಇರೋ ದೊಡ್ಡ ಹೇಂಟೆಗೆ ಹೊಡಿಯೋಕೆ ಕಾನೂನಿನ ಅಡ್ಡಿ ಇಲ್ಲದೇ ಇದ್ರೂ ಬಿಟ್ಬಿಡಿ, ಮುಂದಿನ ವರ್ಷದ ಮರಿ ಮಾಡೋದು ಅವಳೇ, ಸಣ್ಣದು ಅವಳ ಪಕ್ಕದಲ್ಲೇ ಇರುತ್ತೆ, ರುಚಿನೂ ಅದಕ್ಕೇ ಜಾಸ್ತಿ. ಕೈಗೆ ಬಂದ್ಮೇಲೆ ವಯಸ್ಸು ಖಾತ್ರಿ ಮಾಡ್ಕೋಬೇಕು ಅಂದ್ರೆ ರೆಕ್ಕೆಯ ತುದಿಯ ಕೊನೇ ಎರಡು ಗರಿ ನೋಡಿ, ಚೂಪಾಗಿದ್ದು ತುದಿವರೆಗೂ ಬಿಳಿ ಪಟ್ಟೆ ಇಲ್ದಿದ್ರೆ ಈ ವರ್ಷದ್ದು, ದುಂಡಗಿದ್ದು ತುದಿ ತನಕ ಪಟ್ಟೆ ಇದ್ರೆ ದೊಡ್ಡದು.

ಸೀಸನ್ ವಿಷಯದಲ್ಲಿ ನಿಮ್ಮ ವಿಳಾಸನೇ ನಿಮ್ಮ ಹಣೆಬರಹ. ಅಟ್ಲಾಂಟಾ, ಷಾರ್ಲಟ್, ರಾಲಿ ಕಡೆ ಇರೋರಿಗೆ ಫಾಲ್ ಇಲ್ವೇ ಇಲ್ಲ, ಜಾರ್ಜಿಯಾ ನಾರ್ತ್ ಕೆರೊಲೈನಾ ಎರಡೂ ಸ್ಪ್ರಿಂಗ್ ಮಾತ್ರ, ಸ್ಪ್ರಿಂಗಲ್ಲೇ ಹೊಡೆದು ಫ್ರೀಜರಲ್ಲಿ ಇಡೋದೇ ದಾರಿ. ಅಂಥವ್ರಿಗೆ ನನ್ನ ಸಲಹೆ ದೊಡ್ಡ ಹುಂಜದ ಹಿಂದೆ ಬೀಳದೆ ಒಂದು ವರ್ಷದ ಗಂಡು, ಇಲ್ಲಿನವ್ರು ಜೇಕ್ ಅಂತಾರಲ್ಲ, ಅದನ್ನ ಹೊಡೀರಿ, ನಿಮ್ಮ ಸ್ಟೇಟಲ್ಲಿ ಅದಕ್ಕೆ ಅವಕಾಶ ಇದ್ರೆ. ಬಾಲ ಬಿಚ್ಚಿದಾಗ ನಡುವಿನ ಗರಿಗಳು ಮಾತ್ರ ಉದ್ದ ಇದ್ರೆ ಅದು ಜೇಕು. ಕಾನ್ಸಸಲ್ಲಿ ಹಕ್ಕಿ ಕಮ್ಮಿಯಾಗಿ 2023ರಿಂದ ಫಾಲ್ ಸೀಸನ್ನೇ ನಿಲ್ಸಿದ್ರು. ಬೇ ಏರಿಯಾದವ್ರು ಪುಣ್ಯವಂತರು, ಕ್ಯಾಲಿಫೋರ್ನಿಯಾದ ಫಾಲ್ ಸೀಸನ್ ನವೆಂಬರಿನ ಎರಡನೇ ಶನಿವಾರ ಶುರುವಾಗುತ್ತೆ, ಅಂದ್ರೆ ಹಬ್ಬಕ್ಕೆ ತಾಜಾ ಹಕ್ಕಿ. ಇಲ್ಲಿ ವಿಸ್ಕಾನ್ಸಿನಲ್ಲಿ ಸೆಪ್ಟೆಂಬರ್ ಮಧ್ಯದಿಂದಲೇ ಶುರು, ಆದ್ರೆ ಹಬ್ಬದ ವಾರದ ತನಕ ಕಾಯ್ಬೇಡಿ. ಥ್ಯಾಂಕ್ಸ್‌ಗಿವಿಂಗ್ ಹಿಂದಿನ ಶನಿವಾರದಿಂದ ಒಂಬತ್ತು ದಿನ ಗನ್ ಡೀರ್ ಸೀಸನ್, ಕಾಡಿನ ತುಂಬ ರೈಫಲ್ ಹಿಡಿದಿರೋ ಜನ, ಆ ಟೈಮಲ್ಲಿ ಟರ್ಕಿ ಶಿಕಾರಿ ಮಾಡಿದ್ರೂ ಕಣ್ಣು ಕುಕ್ಕೋ ಕಿತ್ತಳೆ ಅಥವಾ ಪಿಂಕ್ ಬಟ್ಟೆ ಹಾಕ್ಲೇಬೇಕು, ಟರ್ಕಿಗೆ ಬಣ್ಣ ಮನುಷ್ಯರಿಗಿಂತ ಚೆನ್ನಾಗಿ ಕಾಣುತ್ತೆ. ಅಕ್ಟೋಬರಲ್ಲೇ ಮುಗಿಸಿ ಫ್ರೀಜರಿಗೆ ಹಾಕೋದು ವಾಸಿ.

12, 20, 410

ಫಾಲ್ ಅಂತ ತೀರ್ಮಾನ ಆಯ್ತಾ, ಈಗ ದೂರ. ಟರ್ಕಿಗೆ ಹೊಡಿಯೋದು ತಲೆ ಮತ್ತು ಕತ್ತಿಗೆ, ಮೈಗಲ್ಲ. ಮೈಗೆ ಹೊಡೆದ್ರೆ ದಪ್ಪ ಪುಕ್ಕ, ಎದೆ ಮೂಳೆ ದಾಟ್ದೆ ಹಕ್ಕಿ ಗಾಯ ಆಗಿ ಓಡಿಹೋಗುತ್ತೆ, ಸಿಕ್ರೂ ಎದೆ ಮಾಂಸದ ತುಂಬ ಚರೆ. ಕೈಯಗಲದ ಗುರಿ, ಅದೂ ಕುಕ್ಕುತ್ತಾ ಕೊಂಕ್ತಾ ಒಂದು ಕ್ಷಣ ನಿಲ್ಲಲ್ಲ. ಅದಕ್ಕೇ ಎಲ್ಲರೂ 40 ಗಜ ಅನ್ನೋದನ್ನ ಕೊನೇ ಗೆರೆ ಅಂತ ಇಟ್ಕೊಂಡಿರೋದು. ನನ್ನ ಗೆರೆ 30. ಫಾಲಲ್ಲಿ ಗುಂಪು ಹತ್ರಾನೇ ಬರುತ್ತೆ ಇಲ್ಲಾಂದ್ರೆ ಬರೋದೇ ಇಲ್ಲ, 50 ಗಜದ ಗನ್ ಹೊತ್ಕೊಂಡು ಓಡಾಡಿ ಏನೂ ಸಿಗಲ್ಲ.

30 ಗಜಕ್ಕೆ 20 ಗೇಜ್ ಧಾರಾಳ ಸಾಕು. ಮೂರು ಇಂಚಿನ 20 ಗೇಜ್ ತೋಟಾದಲ್ಲಿ ಒಂದೂಕಾಲು ಔನ್ಸ್ ಸೀಸದ ಚರೆ ಬರುತ್ತೆ, 6ನೇ ನಂಬರ್ (ನಂಬರ್ ಜಾಸ್ತಿ ಆದಷ್ಟು ಚರೆ ಸಣ್ಣ) ತಗೊಂಡ್ರೆ ಔನ್ಸಿಗೆ 225ರಂತೆ ಸುಮಾರು 280 ಚರೆ. 12 ಗೇಜಿನ ಮೂರು ಇಂಚಿನ ತೋಟಾದಲ್ಲಿ ಒಂದೂಮುಕ್ಕಾಲು ಔನ್ಸು, ಅಂದ್ರೆ ಹತ್ರ ಹತ್ರ 390. ಹೌದು, 12 ಗೇಜ್ ಕೈ ಮೇಲೇ, ಹತ್ತು ಗಜ ಜಾಸ್ತಿ ತಲುಪುತ್ತೆ, ಬಾತುಕೋಳಿ, ಜಿಂಕೆ, ಕ್ಲೇ ಶೂಟಿಂಗ್ ಎಲ್ಲದಕ್ಕೂ ಆಗುತ್ತೆ, ತೋಟಾ ಯಾವ ಊರಿನ ಅಂಗಡಿಯಲ್ಲಾದ್ರೂ ಸಿಗುತ್ತೆ. ಜೀವನದಲ್ಲಿ ಒಂದೇ ಶಾಟ್‌ಗನ್ ಅಂತಿದ್ರೆ 12 ತಗೊಳ್ಳಿ, ಬೇಡ ಅನ್ನಲ್ಲ. ಆದ್ರೆ ಅದರಲ್ಲಿ ಮೂರೂವರೆ ಇಂಚಿನ ತೋಟಾ ಹಾಕೋ ಹುಚ್ಚು ಬೇಡ, ಆ ಒದೆಗೆ ಹೆದರಿ ಕೆನ್ನೆ ಸ್ಟಾಕಿಂದ (ಗನ್ನಿನ ಭುಜಕ್ಕೆ ಒತ್ತೋ ಹಿಂಬದಿ) ಎತ್ತಿದ್ರಿ ಅಂದ್ರೆ ಚರೆ ಎಲ್ಲಾ ಹಕ್ಕಿ ತಲೆ ಮೇಲಿಂದ ಹಾರಿಹೋಗುತ್ತೆ. ಟರ್ಕಿ ತಪ್ಪಿಸ್ಕೊಳ್ಳೋಕೆ ಅತಿ ಸಾಮಾನ್ಯ ಕಾರಣ ಇದೇ, ಶಕ್ತಿ ಸಾಲದೇ ಇದ್ದದ್ದಲ್ಲ.

20ರ ಲಾಭ ಗೊತ್ತಾಗೋದು ಅಭ್ಯಾಸದಲ್ಲಿ. ಹಗುರ, ಬೆಟ್ಟ ಹತ್ತಿಳಿಯೋ ಕಡೆ ಒಂದು ಪೌಂಡ್ ಕಮ್ಮಿ ಆದ್ರೂ ಗೊತ್ತಾಗುತ್ತೆ, ಒದೆ ಕಮ್ಮಿ ಇರೋದ್ರಿಂದ ಇನ್ನೊಂದು ಹೊಡಿಯೋಣ ಅನ್ಸುತ್ತೆ. ಐದಡಿ ಎರಡಿಂಚು, ಮೂರಿಂಚು ಇರೋರು, ಹೆಣ್ಮಕ್ಕಳು, ಹೈಸ್ಕೂಲ್ ಮಕ್ಕಳು ಕರ್ಕೊಂಡು ಹೋಗೋ ಪ್ಲಾನ್ ಇದ್ರೆ ಸ್ಟಾಕ್ ಗಿಡ್ಡ ಇರೋ ಯೂತ್ ಮಾಡೆಲ್ 20 ಗೇಜು ನೋಡಿ, ಮಾಸ್‌ಬರ್ಗ್ 500 ಬ್ಯಾಂಟಮ್ ಥರದ್ದು. ಅಮೆರಿಕನ್ ಅಳತೆಯ ಉದ್ದ ಸ್ಟಾಕು ನಮ್ಮಂಥ ಗಿಡ್ಡ ಕೈಯವ್ರಿಗೆ ಕಂಕುಳಿಗೆ ಸಿಕ್ಕಾಕ್ಕೊಳ್ಳುತ್ತೆ, ಅದೂ ಮೇಲೆ ಅಕ್ಟೋಬರಿನ ಜಾಕೆಟ್ ಬೇರೆ.

410 (ಇದು ಗೇಜಲ್ಲ, ನಳಿಗೆ ಅಗಲ 0.410 ಇಂಚು) ಈಗ ಫ್ಯಾಶನ್ನು. ಪುಟ್ಟ ಗನ್ನು, ಒದೆನೇ ಇಲ್ಲ, ಸ್ಟೀವನ್ಸ್ 301 ಥರದ ಸಿಂಗಲ್ ಶಾಟ್ ಸುಮಾರು 200 ಡಾಲರಿಗೆ ಬರುತ್ತೆ. ಆದ್ರೆ ಅದು ಟಂಗ್‌ಸ್ಟನ್ ತೋಟಾ ಹಾಕಿದ್ರೆ ಮಾತ್ರ ಟರ್ಕಿ ಗನ್ನು, ಸೀಸ ಹಾಕಿದ್ರೆ ಅಳಿಲಿನ ಗನ್ನು. ಕೆಲವು ಸ್ಟೇಟಲ್ಲಿ ಟರ್ಕಿಗೆ 410 ಕಾನೂನುಬದ್ಧನೇ ಅಲ್ಲ, ನೋಡ್ಕೊಳ್ಳಿ. ಅನುಭವ ಇರೋರ ಆಟಿಕೆ ಅಂತ ನನ್ನ ಅಭಿಪ್ರಾಯ, ಮೊದಲ ಗನ್ ಅಲ್ಲ.

ಚರೆ: ಸೀಸಾನಾ ಟಂಗ್‌ಸ್ಟನ್ನಾ

ಟಿಎಸ್‌ಎಸ್ ಅಂತ ಬರುತ್ತಲ್ಲ, ಟಂಗ್‌ಸ್ಟನ್ ಸೂಪರ್ ಶಾಟ್, ಅದು ಸೀಸಕ್ಕಿಂತ ಒಂದೂವರೆ ಪಟ್ಟಿಗಿಂತ ಜಾಸ್ತಿ ಸಾಂದ್ರ, ಸೀಸ ಘನ ಸೆಂಟಿಮೀಟರಿಗೆ 11.3 ಗ್ರಾಂ ಇದ್ರೆ ಇದು 18ರ ಹತ್ರ. ಭಾರ ಜಾಸ್ತಿ ಇರೋದ್ರಿಂದ ಸಾಸಿವೆ ಕಾಳಿಗಿಂತ ತುಸು ದಪ್ಪ ಇರೋ 9ನೇ ನಂಬರ್ ಚರೆನೂ ಸೀಸದ 5ನೇ ನಂಬರ್ ಮಾಡೋ ಕೆಲಸ ಮಾಡುತ್ತೆ, ಸಣ್ಣದಾದ್ರಿಂದ ಒಂದು ತೋಟಾದಲ್ಲಿ ಎಷ್ಟೋ ಜಾಸ್ತಿ ಹಿಡಿಯುತ್ತೆ, 20 ಗೇಜಿನ ಒಂದೂವರೆ ಔನ್ಸಲ್ಲಿ 500ಕ್ಕೂ ಮೇಲೆ. ಅಂದ್ರೆ ಟಂಗ್‌ಸ್ಟನ್ ಹಾಕಿದ 20 ಗೇಜು ಸೀಸ ಹಾಕಿದ 12 ಗೇಜನ್ನ ಹಿಂದೆ ಹಾಕುತ್ತೆ. ತೊಂದರೆ ಒಂದೇ, ಬೆಲೆ. ಒಂದೊಂದು ತೋಟಾ ಹತ್ತು ಡಾಲರ್ ಆಸುಪಾಸು ಅಥವಾ ಮೇಲೆ, ಒಳ್ಳೆ ಸೀಸದ ತೋಟಾ ಎರಡು ಮೂರು ಡಾಲರಿಗೆ ಸಿಗುತ್ತೆ. ವಿಂಚೆಸ್ಟರ್ ಲಾಂಗ್ ಬಿಯರ್ಡ್ ಥರದ್ದರಲ್ಲಿ ಚರೆ ನಡುವೆ ರಾಳ ತುಂಬಿರ್ತಾರೆ, ನಳಿಗೆಯಲ್ಲಿ ಚರೆ ಚಪ್ಪಟೆ ಆಗದೆ ಒತ್ತಾಗಿ ಹೋಗುತ್ತೆ, 30 ಗಜಕ್ಕೆ ಅದು ಸಾಕೋ ಸಾಕು.

ಹಾಗಿದ್ರೆ ಟಂಗ್‌ಸ್ಟನ್ ಯಾರಿಗೆ? ಕ್ಯಾಲಿಫೋರ್ನಿಯಾದವ್ರಿಗೆ, ಅಲ್ಲಿ 2019ರ ಜುಲೈ 1ರಿಂದ ಯಾವ ಶಿಕಾರಿಗೂ ಸೀಸ ಬಳಸೋ ಹಾಗಿಲ್ಲ. 410 ಇಟ್ಕೊಂಡಿರೋರಿಗೆ. ಮತ್ತೆ ಮನೇಲಿ ಚಿಕ್ಕ ಮಕ್ಕಳಿದ್ದು ಊಟದಲ್ಲಿ ಸೀಸದ ಚೂರು ಅಂದ್ರೆನೇ ಮೈ ಜುಂ ಅನ್ನೋರಿಗೆ, ಅದು ನ್ಯಾಯವಾದ ಭಯನೇ. ಆದ್ರೆ ಟಂಗ್‌ಸ್ಟನ್ ಚರೆ ಎಷ್ಟು ಗಟ್ಟಿ ಅಂದ್ರೆ ಮಾಂಸದಲ್ಲಿ ಒಂದು ಉಳಿದು ಯಾರಾದ್ರೂ ಕಚ್ಚಿದ್ರೆ ಹಲ್ಲು ಹೋಗುತ್ತೆ, ಸೀಸ ಆದ್ರೆ ಹಲ್ಲಿಗೆ ನೆಗ್ಗುತ್ತೆ. ಯಾವುದೇ ಇರ್ಲಿ ಕತ್ತಿನ ಬುಡ, ಎದೆಯ ಮೇಲ್ಭಾಗ ಬೆರಳಿಂದ ಒತ್ತಿ ಒತ್ತಿ ಹುಡುಕಿ ತೆಗೀರಿ, ಪುಕ್ಕ ಒಳಗೆ ಸಿಕ್ಕಿರೋ ಜಾಗದಲ್ಲಿ ಚರೆ ಇದ್ದೇ ಇರುತ್ತೆ.

ಯಾವ ತೋಟಾ ಅನ್ನೋ ಚರ್ಚೆ ಎಲ್ಲಾ ಒಂದು ಕಾಗದದ ಮುಂದೆ ಮುಗಿಯುತ್ತೆ. ಮೂವತ್ತು ಗಜದಲ್ಲಿ ದೊಡ್ಡ ಕಂದು ಕಾಗದ ಕಟ್ಟಿ, ನಡುವೆ ಒಂದು ಚುಕ್ಕಿ ಇಟ್ಟು, ಕೂತ್ಕೊಂಡು, ಮಂಡಿ ಮೇಲೆ ಗನ್ ಇಟ್ಟು, ಕಾಡಲ್ಲಿ ಹೇಗೆ ಹೊಡೀತೀರೋ ಹಾಗೇ ಒಂದು ಹೊಡೀರಿ. ಹತ್ರ ಹೋಗಿ ಅತಿ ದಟ್ಟವಾಗಿ ತೂತಾಗಿರೋ ಕಡೆ ಹತ್ತು ಇಂಚಿನ ವೃತ್ತ ಎಳೆದು ತೂತು ಎಣಿಸಿ, ಎಣಿಸಿದ್ದಕ್ಕೆ ಪೆನ್ನಿಂದ ಟಿಕ್ ಹಾಕ್ತಾ ಹೋಗಿ ಇಲ್ಲಾಂದ್ರೆ ಐವತ್ತು ದಾಟಿದ್ಮೇಲೆ ಕಣ್ಣು ತಪ್ಪುತ್ತೆ. ನೂರು ದಾಟಿದ್ರೆ ಆ ದೂರಕ್ಕೆ ನಿಮ್ಮ ಗನ್ನು, ಚೋಕು, ತೋಟಾ ಜೋಡಿ ಸರಿ ಇದೆ. ದಟ್ಟ ಭಾಗ ಚುಕ್ಕಿಯಿಂದ ಆರಿಂಚು ಎಡಕ್ಕೋ ಮೇಲಕ್ಕೋ ಬಿದ್ದಿದ್ರೆ ನೂರಿದ್ದೂ ಪ್ರಯೋಜನ ಇಲ್ಲ, ಆಗ ನಳಿಗೆ ತುದಿಯ ಮಣಿ ಬಿಟ್ಟು ಅಡ್ಜಸ್ಟ್ ಮಾಡೋಕಾಗೋ ಸೈಟ್ ಅಥವಾ ರೆಡ್ ಡಾಟ್ (ಗುರಿ ಮೇಲೆ ಕೆಂಪು ಚುಕ್ಕಿ ತೋರಿಸೋ ಗಾಜಿನ ಸೈಟ್) ಹಾಕ್ಸಿ. ದುಬಾರಿ ಗನ್ನಿಗಿಂತ ರೆಡ್ ಡಾಟಿಗೆ ಹಾಕಿದ ದುಡ್ಡು ಸಾರ್ಥಕ, ಕೆನ್ನೆ ತುಸು ಎತ್ತಿದ್ರೂ ಚುಕ್ಕಿ ಇದ್ದಲ್ಲೇ ಚರೆ ಹೋಗುತ್ತೆ.

ಚೋಕು ಬಗ್ಗೆ ಒಂದು ಮಾತು. ಟರ್ಕಿ ಚೋಕ್ ಅಂತ ಮಾರೋ ಎಕ್ಸ್‌ಟ್ರಾ ಫುಲ್ ಚರೆನ ತುಂಬ ಒತ್ತಾಗಿ ಕಳಿಸುತ್ತೆ, 40 ಗಜದಲ್ಲಿ ವರ, 12 ಗಜದಲ್ಲಿ ಹಕ್ಕಿ ಎದ್ದು ನಿಂತ್ರೆ ಶಾಪ, ಅಷ್ಟು ಹತ್ರದಲ್ಲಿ ಚರೆ ಹರಡೋ ಜಾಗ ಕಿತ್ತಳೆ ಹಣ್ಣಿನಷ್ಟೂ ಇರಲ್ಲ. ಫಾಲಿಗೆ ಸೀಸ ಮತ್ತೆ ಗನ್ ಜೊತೆ ಬರೋ ಮಾಮೂಲಿ ಫುಲ್ ಚೋಕು ಮೊದ್ಲು ಕಾಗದದ ಮೇಲೆ ನೋಡಿ, ಸಾಲದಿದ್ರೆ ಮಾತ್ರ ಮುಂದಕ್ಕೆ ಹೋಗಿ.

ಪಂಪಾ (ಪ್ರತಿ ಈಡಿಗೂ ಕೈಯಿಂದ ಹಿಂದೆ ಮುಂದೆ ಎಳೆದು ತೋಟಾ ಏರಿಸೋದು) ಸೆಮಿನಾ (ತಾನೇ ಏರಿಸ್ಕೊಳ್ಳೋದು) ಅನ್ನೋದಕ್ಕೆ ಜಾಸ್ತಿ ಟೈಮ್ ವೇಸ್ಟ್ ಮಾಡ್ಬೇಡಿ. ಟರ್ಕಿಗೆ ಮೊದಲ ಈಡೇ ಮುಖ್ಯ. ಮ್ಯಾವರಿಕ್ 88 ಥರದ ಪಂಪು 250 ಡಾಲರ್ ಆಸುಪಾಸಿಗೆ ಸಿಗುತ್ತೆ, ಕೊಳೆಯಾದ್ರೂ ಕೆಲಸ ಮಾಡುತ್ತೆ. ಬೆರೆಟಾ, ಬೆನೆಲಿ ಸೆಮಿ ಆಟೋಮ್ಯಾಟಿಕ್ ಅದರ ಹಲವು ಪಟ್ಟು, ಒದೆ ಸ್ವಲ್ಪ ಕಮ್ಮಿ ಅನ್ನೋದು ನಿಜವಾದ ಲಾಭ, ಉಳಿದಿದ್ದು ಶೋಕಿ. ಎಡಗೈಯವ್ರು ಮಾತ್ರ ಸೇಫ್ಟಿ ಎಲ್ಲಿದೆ ನೋಡಿ, ಮಾಸ್‌ಬರ್ಗ್ 500ರಲ್ಲಿ ಹೆಬ್ಬೆರಳಿಗೆ ಸಿಗೋ ಹಾಗೆ ಮೇಲೆ ಇರುತ್ತೆ, ರೆಮಿಂಗ್ಟನ್ 870ರಲ್ಲಿ ಟ್ರಿಗರ್ ಹಿಂದೆ ಅಡ್ಡಕ್ಕೆ.

ಚದುರಿಸೋದಾ, ಕಾಯೋದಾ

ಫಾಲಲ್ಲಿ ಎರಡು ದಾರಿ. ಒಂದು, ಗುಂಪು ಕಂಡ ತಕ್ಷಣ ಗನ್ ಖಾಲಿ ಮಾಡಿ ಕೆಳಗಿಟ್ಟು, ಕೂಗ್ತಾ ಕೈ ಬೀಸ್ತಾ ಗುಂಪಿನೊಳಗೆ ಓಡಿ ಎಲ್ಲಾ ದಿಕ್ಕಿಗೂ ಚದುರಿಸೋದು. ನೋಡೋರಿಗೆ ತಲೆ ಕೆಟ್ಟವನ ಥರ ಕಾಣುತ್ತೆ, ಆದ್ರೆ ಕೆಲಸ ಮಾಡುತ್ತೆ, ಯಾಕಂದ್ರೆ ಮರಿಗಳಿಗೆ ಅಮ್ಮನ್ನ, ಒಡಹುಟ್ಟಿದವನ್ನ ಸೇರ್ಕೊಳ್ಳೋ ಆತುರ. ಚದುರಿದ ಜಾಗದಲ್ಲೇ ದೊಡ್ಡ ಮರಕ್ಕೆ ಒರಗಿ ಕೂತು, ಅರ್ಧ ಗಂಟೆ ಬಿಟ್ಟು, ದಾರಿ ತಪ್ಪಿದ ಮರಿಯ "ಕೀ ಕೀ" ಸಿಳ್ಳೆ ಕೊಟ್ರೆ ಒಂದೊಂದಾಗಿ ವಾಪಸ್ ಬರ್ತಾವೆ. ಈ ಸಿಳ್ಳೆಗೆ ಬಾಯೊಳಗೆ ಇಟ್ಕೊಳ್ಳೋ ಡಯಾಫ್ರಮ್ ಕಾಲ್ (ಕಾಲ್ ಅಂದ್ರೆ ಟರ್ಕಿ ಸದ್ದು ಹೊರಡಿಸೋ ಸಾಧನ) ಚೆನ್ನಾಗಿರುತ್ತೆ, ಕೈ ಖಾಲಿ ಇರುತ್ತೆ, ಆದ್ರೆ ಕಲಿಯೋ ತನಕ ವಾಂತಿ ಬಂದಂಗಾಗುತ್ತೆ, ಮನೆಯವ್ರು ಕಾರಲ್ಲೇ ಪ್ರಾಕ್ಟೀಸ್ ಮಾಡು ಅಂತಾರೆ. ಸ್ಲೇಟಿನ ಮೇಲೆ ಕಡ್ಡಿ ಉಜ್ಜೋ ಪಾಟ್ ಕಾಲ್ ಹೊಸಬ್ರಿಗೆ ಸುಲಭ, ಅದರ ಅಂಚಿನಲ್ಲಿ ಉಜ್ಜಿದ್ರೆ ಕೀ ಕೀ ನೂ ಬರುತ್ತೆ, ಬಾಕ್ಸ್ ಕಾಲ್ ಜೋರು ಸದ್ದಿಗೆ ಒಳ್ಳೇದು ಆದ್ರೆ ಫಾಲಿನ ಮೆಲ್ಲನೆ ಮಾತಿಗೆ ಅಷ್ಟಕ್ಕಷ್ಟೆ.

ಎರಡನೇ ದಾರಿ, ಸಂಜೆ ಯಾವ ಮರಕ್ಕೆ ಹಾರಿ ಕೂರ್ತಾವೆ, ಬೆಳಿಗ್ಗೆ ಇಳಿದು ಯಾವ ಗದ್ದೆಗೆ ಹೋಗ್ತಾವೆ ಅಂತ ಮೊದ್ಲೇ ನೋಡಿ ಆ ದಾರಿಯಲ್ಲಿ ಡೇರೆ ಥರದ ಬ್ಲೈಂಡ್ ಹಾಕಿ ಕಾಯೋದು. ಬೋರು, ಆದ್ರೆ ಮಕ್ಕಳನ್ನ ಕರ್ಕೊಂಡು ಹೋಗೋರಿಗೆ, ಒಂದು ಗಂಟೆ ಅಲ್ಲಾಡದೆ ಕೂರೋಕಾಗದೇ ಇರೋರಿಗೆ ಇದೇ ಸರಿ, ಟರ್ಕಿ ಮೂಗು ಕೆಲಸಕ್ಕೆ ಬರಲ್ಲ ಆದ್ರೆ ಕಣ್ಣು ಭಯಂಕರ, ಸೊಳ್ಳೆ ಓಡಿಸೋಕೆ ಕೈ ಎತ್ತಿದ್ರೂ ಮುಗೀತು. ಒಬ್ನೇ ಹೋಗೋದಾದ್ರೆ ನನಗೆ ಚದುರಿಸೋದೇ ಇಷ್ಟ, ಆದ್ರೆ ಅದಕ್ಕೆ ಜಾಗ ಬೇಕು, ಪಬ್ಲಿಕ್ ಜಾಗದಲ್ಲಿ ಅಕ್ಕಪಕ್ಕ ಬೇರೆಯವ್ರು ಕೂತಿದ್ರೆ ಅವರ ಬೆಳಗನ್ನೂ ಕೆಡಿಸಿದಂಗಾಗುತ್ತೆ. ಇಲ್ಲಿ ಸ್ಟೇಟಿನ ವೈಲ್ಡ್‌ಲೈಫ್ ಏರಿಯಾಗಳ ಜೊತೆಗೆ ತೆರಿಗೆ ರಿಯಾಯಿತಿ ತಗೊಂಡು ಜನಕ್ಕೆ ತೆರೆದಿಟ್ಟಿರೋ ಖಾಸಗಿ ಕಾಡುಗಳೂ ಇದಾವೆ, ಮ್ಯಾಪಲ್ಲಿ ಹುಡುಕಿ. ಟೆಕ್ಸಾಸಲ್ಲಿ ಬಹುಪಾಲು ನೆಲ ಖಾಸಗಿ, ಡಲ್ಲಾಸಿನವ್ರು ರ‍್ಯಾಂಚಿಗೆ ದುಡ್ಡು ಕೊಟ್ಟು ಹೋಗೋ ಲೆಕ್ಕನೇ ಹಾಕ್ಕೋಬೇಕು.

ಎರಡು ದಾರಿಗೂ ಸೇರಿ ಎರಡು ಎಚ್ಚರಿಕೆ. ಗುಂಪಿಗೆ ಹೊಡೀಬೇಡಿ, ಒಂದು ಹಕ್ಕಿ ಬೇರೆ ನಿಂತು ಹಿಂದೆ ಏನೂ ಇಲ್ಲ ಅಂತಾದ್ಮೇಲೇ ಹೊಡೀರಿ, ಇಲ್ಲಾಂದ್ರೆ ಒಂದು ಈಡಿಗೆ ಮೂರು ಬಿದ್ದು ಲೈಸೆನ್ಸಲ್ಲಿ ಒಂದೇ ಅಂತಿರುತ್ತೆ. ಮತ್ತೆ ಕೆಂಪು, ಬಿಳಿ, ನೀಲಿ ಬಟ್ಟೆ ಕರ್ಚೀಫು ಏನೂ ಬೇಡ, ಹುಂಜದ ತಲೆ ಇರೋದು ಅದೇ ಬಣ್ಣದಲ್ಲಿ, ಹೊಡೆದ ಹಕ್ಕಿ ಹೊತ್ಕೊಂಡು ಬರುವಾಗ ಮೇಲೆ ಕಿತ್ತಳೆ ಬಟ್ಟೆ ಸುತ್ತಿ.

ಪುಕ್ಕ ಕೀಳೋದಾ, ಚರ್ಮ ಸುಲಿಯೋದಾ

ಇಲ್ಲಿನ ಬಹಳ ಜನ ಎದೆ ಮಾಂಸ ಎರಡು ತುಂಡು ಕತ್ತರಿಸ್ಕೊಂಡು ಉಳಿದಿದ್ದನ್ನ ಹಾಗೇ ಬಿಡ್ತಾರೆ, ನೋಡಿದ್ರೆ ಹೊಟ್ಟೆ ಉರಿಯುತ್ತೆ. ಫಾಲ್ ಮರಿ ಆದ್ರೆ ಪುಕ್ಕ ಕಿತ್ತು ಚರ್ಮ ಸಮೇತ ಇಡಿಯಾಗಿ ಇಟ್ಕೊಳ್ಳಿ, ದೊಡ್ಡ ಹುಂಜ ಆದ್ರೆ ಚರ್ಮ ಸುಲಿದು ತುಂಡು ಮಾಡಿ, ಇಷ್ಟೇ ನಿಯಮ. ಪುಕ್ಕಕ್ಕೆ ನೀರು 145ರಿಂದ 150 ಡಿಗ್ರಿ ಫ್ಯಾರನ್‌ಹೀಟ್ ಇರ್ಲಿ, ಎರಡು ಹನಿ ಪಾತ್ರೆ ಸೋಪು ಹಾಕಿದ್ರೆ ನೀರು ಪುಕ್ಕದೊಳಗೆ ಇಳಿಯುತ್ತೆ. ಕಾಲು ಹಿಡಿದು ಮುಳುಗಿಸಿ ಮೇಲೆ ಕೆಳಗೆ ಆಡಿಸ್ತಾ ಇರಿ, ಬಾಲದ ಗರಿ ಒಂದು ಎಳೆದು ನೋಡಿ, ಸಲೀಸಾಗಿ ಬಂದ್ರೆ ಸಾಕು, ಜಾಸ್ತಿ ಹೊತ್ತು ಬಿಟ್ರೆ ಚರ್ಮ ಬೆಂದು ಕಿತ್ತು ಬರುತ್ತೆ. ಎದೆ ಪುಕ್ಕ ಒಂದೊಂದು ಹಿಡಿ ಮಾತ್ರ ಕೀಳಿ. ಕತ್ತಿನ ಬುಡದಲ್ಲಿರೋ ಕಾಳಿನ ಚೀಲ ಕೊಯ್ದು ಒಳಗೇನಿದೆ ನೋಡಿ, ಇಡೀ ಇಡೀ ಓಕ್ ಕಾಯಿ, ಜೋಳದ ಕಾಳು, ಕೆಲವೊಮ್ಮೆ ಮಿಡತೆ ಕಾಲು, ಮುಂದಿನ ಸಲ ಎಲ್ಲಿ ಕೂರ್ಬೇಕು ಅನ್ನೋದಕ್ಕೆ ಇದಕ್ಕಿಂತ ಒಳ್ಳೆ ಮ್ಯಾಪಿಲ್ಲ. ಲಿವರು ಗಿಜರ್ಡು ಬಿಸಾಕ್ಬೇಡಿ, ಈರುಳ್ಳಿ ಮೆಣಸು ಹಾಕಿ ಹುರಿದ್ರೆ ಶಿಕಾರಿಯವನ ಪಾಲು ಅದು.

ಇಡಿ ರೋಸ್ಟಾ, ತುಂಡಾ? ಅಂಗಡಿ ಟರ್ಕಿಗೆ ಉಪ್ಪುನೀರು ಚುಚ್ಚಿರ್ತಾರೆ, ಮೈಯಲ್ಲಿ ಕೊಬ್ಬೂ ಇರುತ್ತೆ, ಎಷ್ಟು ಹೊತ್ತು ಒವನಲ್ಲಿ ಇಟ್ರೂ ಕ್ಷಮಿಸುತ್ತೆ. ಕಾಡಿಂದು ಕ್ಷಮಿಸಲ್ಲ. ಹಿಂದಿನ ರಾತ್ರಿ ನೀರಿನ ತೂಕಕ್ಕೆ 5% ಉಪ್ಪು, ಬೆಲ್ಲ, ಮೆಣಸು, ಪಲಾವ್ ಎಲೆ ಹಾಕಿದ ನೀರಲ್ಲಿ ಮುಳುಗಿಸಿ ಫ್ರಿಜ್ಜಲ್ಲಿಡಿ, ಚರ್ಮದಡಿ ಬೆಣ್ಣೆ ಸವರಿ, ಥರ್ಮಾಮೀಟರ್ ಎದೆಯ ದಪ್ಪ ಭಾಗದಲ್ಲಿ 165 ಡಿಗ್ರಿ ತೋರಿಸಿದ ಕ್ಷಣ ಹೊರಗೆ ತೆಗೀರಿ. ಫಾಲ್ ಮರಿ ಒಂದು ನಾಲ್ಕೈದು ಜನಕ್ಕೆ ಆಗುತ್ತೆ ಅಷ್ಟೆ. ಇಪ್ಪತ್ತು ಜನರ ಪಾಟ್‌ಲಕ್ಕು ಅಂದ್ರೆ ಪಕ್ಕದಲ್ಲಿ ಅಂಗಡಿಯದ್ದೂ ಒಂದಿರ್ಲಿ, ಹೇಗೂ ಅರ್ಧ ಜನ ಪುಳಿಯೋಗರೆ ಕಡೆ ಹೋಗ್ತಾರೆ.

ದೊಡ್ಡ ಹುಂಜ ಆದ್ರೆ ರೋಸ್ಟ್ ಆಸೆ ಬಿಡಿ. ಎದೆನ ಅಡ್ಡ ನಾರಿಗೆ ತೆಳ್ಳಗೆ ಕೊಯ್ದು ಮೊಸರು ಮಸಾಲೆ ಹಚ್ಚಿ ಕೆಂಡದ ಮೇಲೆ ಬೇಗ ಸುಟ್ಟು ತೆಗೀರಿ, ಇಲ್ಲಾ ಬಿರಿಯಾನಿಗೆ ಹಾಕಿ. ಕಾಲಿನ ಒಳಗೆ ಕಡ್ಡಿ ಥರದ ಗಟ್ಟಿ ನರ ಇರ್ತಾವೆ, ಅದಕ್ಕೆ ಒವನ್ ಅಲ್ಲ ಕುಕ್ಕರೇ ಮದ್ದು, ಸಣ್ಣ ಉರೀಲಿ ಮುಕ್ಕಾಲು ಗಂಟೆ ಬೇಯಿಸಿ, ತಣ್ಣಗಾದ್ಮೇಲೆ ಕೈಯಲ್ಲಿ ಬಿಡಿಸಿದ್ರೆ ನರ ಒಂದು ಕಡೆ ಮಾಂಸ ಒಂದು ಕಡೆ ಬರುತ್ತೆ. ಆ ಮಾಂಸನ ಹುರಿದ ಮೆಣಸು ಜೀರಿಗೆ ಕೊತ್ತಂಬರಿ ಪುಡಿಯಲ್ಲಿ ಬಾಡಿಸಿ, ಊರಿಂದ ತಂದ ಕಾಚಂಪುಳಿ ಇದ್ರೆ ಕೊನೇಲಿ ಅರ್ಧ ಚಮಚ, ಇಲ್ದಿದ್ರೆ ಹುಣಸೆಹುಳಿ. ಕುಕ್ಕರಲ್ಲಿ ಉಳಿದ ನೀರು ಚೆಲ್ಲಬೇಡಿ, ಸೋಸಿ ಇಟ್ರೆ ಮರುದಿನದ ಸಾರಿಗೆ ಆಗುತ್ತೆ.